ವಿಜ್ಞಾನದ ದೃಶ್ಯಪಾಠ: ಹೇಳುವವರ ಅನ್ನದ ಪ್ರಶ್ನೆ

ಕಳೆದ ಶ್ರಾವಣದಲ್ಲಿ ಪ್ರವಚನದ ನಿಮಿತ್ತ ಉತ್ತರ ಕರ್ನಾಟಕದ ಒಂದು ಊರಿಗೆ ಹೋಗಿದ್ದಾಗ ಭಕ್ತರೊಬ್ಬರ ಮನೆಯಲ್ಲಿ ಪ್ರಸಾದದ ಏರ್ಪಾಡಾಗಿತ್ತು. ಪ್ರಸಾದ ಮುಗಿದು ಎಲೆಯಡಿಕೆಯ ತಟ್ಟೆ ಬಂದ ಬಳಿಕ ಮನೆಯ ಯಜಮಾನರು ತಮ್ಮ ಮಗಳನ್ನು ಕರೆದು ಎದುರಿಗೆ ಕೂರಿಸಿ, "ಇವಳಿಗೆ ತಾವೇ ನಾಲ್ಕು ಬುದ್ಧಿಮಾತು ಹೇಳಬೇಕು" ಎಂದರು. ಆಕೆ ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ಮುಗಿಸಿ ಪ್ರೌಢಶಾಲೆಯೊಂದರಲ್ಲಿ ನಾಲ್ಕು ವರ್ಷಗಳಿಂದ ಪಾಠ ಹೇಳುತ್ತಿರುವವಳು. ಆ ಕೆಲಸವನ್ನು ಬಿಟ್ಟು, ಕನ್ನಡದಲ್ಲಿ ವಿಜ್ಞಾನದ ವಿಡಿಯೋಗಳನ್ನು ತಯಾರಿಸಿ ಯೂಟ್ಯೂಬಿನಲ್ಲಿ ಬಿತ್ತರಿಸುತ್ತ, ಅದರಿಂದಲೇ ಜೀವನ ಸಾಗಿಸಬೇಕೆಂಬುದು ಆಕೆಯ ಸಂಕಲ್ಪವಾಗಿತ್ತು. ತಂದೆಗೆ ಇದು ಹುಡುಗಾಟವೆಂದು ತೋರಿತ್ತು. ತಿಂಗಳ ಮೊದಲ ವಾರ ಕೈಸೇರುವ ಸಂಬಳವನ್ನು ಬಿಟ್ಟು, ಕಣ್ಣಿಗೆ ಕಾಣದ ಯಾವುದೋ ಕಂಪನಿಯ ಲೆಕ್ಕವನ್ನು ನಂಬಿ ಕೂರುವುದೆಂತು ಎಂಬುದು ಅವರ ಅಳಲು.

ನಾನು ಉಪದೇಶ ಆರಂಭಿಸುವ ಮೊದಲೇ ಆ ತರುಣಿ ನನಗೊಂದು ಪ್ರಶ್ನೆಯನ್ನಿತ್ತಳು. "ಗುರುಗಳೆ, ಚೆಂಡನ್ನು ನೆಟ್ಟಗೆ ಮೇಲಕ್ಕೆ ಎಸೆಯುತ್ತೇನೆ. ಅದು ಕೈಬಿಟ್ಟು ಮೇಲೇರುತ್ತಿರುವಾಗ ಅದರ ಮೇಲೆ ಯಾವ ಯಾವ ಬಲಗಳು ಇರುತ್ತವೆ?" ಇದೇನು ಮಹಾ ಎಂದುಕೊಂಡು ನಾನು, "ಕೈಯಿತ್ತ ಬಲ ಚೆಂಡಿನಲ್ಲಿದ್ದುಕೊಂಡು ಅದನ್ನು ಮೇಲಕ್ಕೆ ಒಯ್ಯುತ್ತದೆ, ಅದು ಸವೆಯುತ್ತ ಬಂದಂತೆ ಭೂಮಿಯ ಸೆಳೆತ ಗೆಲ್ಲುತ್ತದೆ, ಆಗ ಚೆಂಡು ಕೆಳಗಿಳಿಯುತ್ತದೆ" ಎಂದೆನು. ಆಕೆ ನಕ್ಕಳು. ನನ್ನ ಉತ್ತರ ತಪ್ಪು. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಕೈಬಿಟ್ಟ ಚೆಂಡಿನ ಮೇಲಿರುವುದು ಒಂದೇ ಬಲ. ಅದು ಭೂಮಿಯ ಸೆಳೆತ. ಕೈಯ ಬಲ ಕೈಯೊಡನೆಯೇ ಮುಗಿಯಿತು. ಚೆಂಡು ಮೇಲಕ್ಕೆ ಹೋಗುತ್ತಿರುವುದು ಬಲವೊಂದು ಅದನ್ನು ಒಯ್ಯುತ್ತಿರುವುದರಿಂದಲ್ಲ. ಚಲಿಸುತ್ತಿರುವ ವಸ್ತು ಚಲಿಸುತ್ತಲೇ ಇರಲು ಬಲ ಬೇಕಿಲ್ಲ; ಚಲನೆ ಬದಲಾಗಲು ಮಾತ್ರ ಬಲ ಬೇಕು.

ಅರುವತ್ತು ದಾಟಿದ ನನಗೆ ಅಂದು ನಾಚಿಕೆಗಿಂತ ಹೆಚ್ಚಾಗಿ ಸೋಜಿಗವೇ ಆಯಿತು. ನನ್ನ ತಪ್ಪಿನ ಬೇರು ಎಲ್ಲಿದೆಯೆಂಬುದು ನನಗೆ ಗೊತ್ತಿತ್ತು. ಮಠದ ಪಾಠಶಾಲೆಯಲ್ಲಿ ಅನ್ನಂಭಟ್ಟನ ತರ್ಕಸಂಗ್ರಹವನ್ನು ಕಂಠಪಾಠ ಮಾಡಿದವನು ನಾನು. ಅಲ್ಲಿ ಸಂಸ್ಕಾರವೆಂಬ ಗುಣವನ್ನು ಮೂರು ಬಗೆಯಾಗಿ ಹೇಳಿದೆ. ಅದರಲ್ಲಿ ಒಂದು ವೇಗ. ಬಿಲ್ಲನ್ನು ಬಿಟ್ಟ ಬಾಣ ಮುಂದೆ ಸಾಗುವುದಕ್ಕೆ ಅದರಲ್ಲಿ ನೆಲೆಗೊಂಡ ವೇಗಸಂಸ್ಕಾರವೇ ಕಾರಣವೆಂದು ನಮ್ಮ ಗುರುಗಳು ವಿವರಿಸುತ್ತಿದ್ದರು. ಹದಿನಾಲ್ಕನೆಯ ಶತಮಾನದಲ್ಲಿ ಪ್ಯಾರಿಸಿನ ಬ್ಯುರಿಡಾನನೆಂಬ ಪಂಡಿತನೂ ಹೆಚ್ಚುಕಡಿಮೆ ಹೀಗೆಯೇ ತರ್ಕಿಸಿದ್ದನು. ೧೬೮೭ರಲ್ಲಿ ನ್ಯೂಟನ್ನನ ಗ್ರಂಥ ಪ್ರಕಟವಾಗಿ ಮುನ್ನೂರು ವರ್ಷಗಳ ಮೇಲಾದರೂ ಮನುಷ್ಯನ ಮನಸ್ಸು ಸಹಜವಾಗಿ ವಾಲುವುದು ಹಳೆಯ ಕಡೆಗೇ. ಶಾಲೆಯಲ್ಲಿ ಸೂತ್ರ ಕಲಿತು ಅಂಕ ಪಡೆದ ಮಗುವೂ ಚೆಂಡನ್ನು ಕಂಡಾಗ ಬ್ಯುರಿಡಾನನಂತೆಯೇ ಯೋಚಿಸುತ್ತದೆ.

ಈ ಚೆಂಡಿನ ಪ್ರಶ್ನೆ ಆಕೆಗೆ ದೊರೆತದ್ದು ಡೆರೆಕ್ ಮುಲ್ಲರ್ ಎಂಬವರ ವಿಡಿಯೋದಿಂದ. ಆಸ್ಟ್ರೇಲಿಯದಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ಇವರು ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಬೋಧನೆಗೆ ಚಲಚ್ಚಿತ್ರಗಳನ್ನು ಹೇಗೆ ರೂಪಿಸಬೇಕೆಂಬ ವಿಷಯವನ್ನೇ ಹಿಡಿದು ೨೦೦೮ರಲ್ಲಿ ಡಾಕ್ಟರೇಟ್ ಪಡೆದರು. ೨೦೧೧ರಲ್ಲಿ ಅವರು ಆರಂಭಿಸಿದ ವೆರಿಟಾಸಿಯಂ ಎಂಬ ಚಾನೆಲ್ ಇಂದು ಜಗತ್ತಿನ ಅತ್ಯಂತ ಜನಪ್ರಿಯ ವಿಜ್ಞಾನ ಚಾನೆಲ್ಲುಗಳಲ್ಲೊಂದು. ಆದರೆ ನನ್ನ ಮನಸ್ಸನ್ನು ಹಿಡಿದದ್ದು ಅವರ ಜನಪ್ರಿಯತೆಯಲ್ಲ, ಆ ಸಂಶೋಧನೆಯಲ್ಲಿ ಕಂಡ ಒಂದು ಸಂಗತಿ.

ಮುಲ್ಲರ್ ಅವರು ಒಂದೇ ವಿಷಯವನ್ನು ಕುರಿತು ಎರಡು ಬಗೆಯ ವಿಡಿಯೋಗಳನ್ನು ತಯಾರಿಸಿ ಪದವಿಯ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ತೋರಿಸಿದರು. ಮೊದಲನೆಯದರಲ್ಲಿ ಬೋಧಕನೊಬ್ಬ ವಿಷಯವನ್ನು ಸರಳವಾಗಿ, ಸ್ಪಷ್ಟವಾಗಿ, ಚಿತ್ರಸಹಿತವಾಗಿ ವಿವರಿಸುತ್ತಾನೆ. ನೋಡಿದವರೆಲ್ಲ ಸ್ಪಷ್ಟವಾಗಿದೆ, ಸುಲಭವಾಗಿ ಅರ್ಥವಾಗುತ್ತದೆ ಎಂದು ಮೆಚ್ಚಿದರು. ಆದರೆ ಪರೀಕ್ಷೆಯಲ್ಲಿ, ವಿಡಿಯೋ ನೋಡುವ ಮುನ್ನ ೨೬ ಅಂಕಗಳಿಗೆ ಸರಾಸರಿ ೬ ಪಡೆದಿದ್ದವರು ನೋಡಿದ ಮೇಲೆ ಪಡೆದದ್ದು ೬.೩. ಅಂದರೆ ಕಲಿತದ್ದು ಸೊನ್ನೆಗೆ ಸಮ. ಅಷ್ಟೇ ಅಲ್ಲ, ತಾವು ಮೊದಲು ಬರೆದ ತಪ್ಪು ಉತ್ತರವೇ ಸರಿಯೆಂಬ ಧೈರ್ಯ ಅವರಲ್ಲಿ ಹೆಚ್ಚಾಗಿತ್ತು. ತಮಗೆ ಮೊದಲೇ ಗೊತ್ತಿದ್ದುದನ್ನೇ ಬೋಧಕ ಹೇಳುತ್ತಿದ್ದಾನೆಂದು ಅವರು ಭಾವಿಸಿದ್ದರು. ಎರಡನೆಯ ಬಗೆಯ ವಿಡಿಯೋದಲ್ಲಿ ಒಬ್ಬ ವಿದ್ಯಾರ್ಥಿಯೂ ಇದ್ದಾನೆ. ಅವನು ನಾನು ಹೇಳಿದಂಥ ತಪ್ಪುಗಳನ್ನೇ ಬಾಯಿಬಿಟ್ಟು ಹೇಳುತ್ತಾನೆ, ವಾದಿಸುತ್ತಾನೆ, ಸೋಲುತ್ತಾನೆ. ಇದನ್ನು ನೋಡಿದವರು ಗೊಂದಲವಾಯಿತೆಂದು ದೂರಿದರು. ತಲೆಗೆ ಹೆಚ್ಚು ಶ್ರಮವಾಯಿತೆಂದರು. ಆದರೆ ಅವರ ಸರಾಸರಿ ೬ರಿಂದ ೧೧ರ ಸಮೀಪಕ್ಕೆ ಏರಿತು.

ಪೂರ್ವಪಕ್ಷವನ್ನು ಸಮರ್ಥವಾಗಿ ಮಂಡಿಸದೆ ಸಿದ್ಧಾಂತವನ್ನು ಹೇಳಬಾರದೆಂಬುದು ನಮ್ಮ ಶಾಸ್ತ್ರಪಾಠದ ಮೊದಲ ನಿಯಮ. ನಮ್ಮ ಪಾಠಶಾಲೆಯಲ್ಲಿ ಪೂರ್ವಪಕ್ಷವನ್ನು ಹೇಳುವ ಹುಡುಗನಿಗೆ ಸಿದ್ಧಾಂತ ಹೇಳುವವನಿಗಿಂತ ಹೆಚ್ಚು ಮರ್ಯಾದೆಯಿತ್ತು. ಸಿಡ್ನಿಯಲ್ಲಿ ಅಂಕಗಳನ್ನಿಟ್ಟು ಅಳೆದು ಕಂಡದ್ದೂ ಅದನ್ನೇ ಎಂದು ಹೇಳಿದಾಗ ಆ ತರುಣಿಗೆ ಸಂತೋಷವಾಯಿತು. ಆದರೆ ಕ್ಷಣದಲ್ಲಿಯೇ ಅವಳ ಮುಖ ಬಾಡಿತು. "ಗುರುಗಳೆ, ಗೊಂದಲವಾಯಿತೆಂದು ದೂರಿದವರು ಪರೀಕ್ಷೆಗೆಂದೇ ನೋಡಿದ ವಿದ್ಯಾರ್ಥಿಗಳು. ಮೊಬೈಲಿನಲ್ಲಿ ನೋಡುವವರು ಗೊಂದಲವಾದ ಕೂಡಲೆ ಬೆರಳಾಡಿಸಿ ಮುಂದಿನದಕ್ಕೆ ಹೋಗಿಬಿಡುತ್ತಾರಲ್ಲ?" ಎಂದಳು.

ಈ ಮಾತು ನನ್ನ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಊರಿಗೆ ಮರಳಿದ ಮೇಲೆ ಬಲ್ಲವರನ್ನು ಕೇಳಿ, ಓದಿ, ನಾನೂ ಕೆಲವು ವಿಡಿಯೋಗಳನ್ನು ನೋಡಿ, ಈ ಕಂಪನಿಯ ಲೆಕ್ಕವೆಂಬುದು ಏನೆಂದು ತಿಳಿಯಲು ಯತ್ನಿಸಿದೆನು. ನಮ್ಮ ಮನೆಗಳಲ್ಲಿ ಮಕ್ಕಳೂ ಹಿರಿಯರೂ ದಿನವೂ ನೋಡುವ ವಸ್ತುವಾದರೂ ಅದರ ಹಿಂದಿನ ಹಣದ ದಾರಿಯನ್ನು ನಾವು ಯೋಚಿಸಿದವರಲ್ಲ.

ಯೂಟ್ಯೂಬ್ ಆರಂಭವಾದದ್ದು ೨೦೦೫ರಲ್ಲಿ. ಮರುವರ್ಷವೇ ಗೂಗಲ್ ಕಂಪನಿ ಅದನ್ನು ೧೬೫ ಕೋಟಿ ಡಾಲರುಗಳಿಗೆ ಕೊಂಡಿತು. ೨೦೦೭ರಿಂದ ವಿಡಿಯೋ ತಯಾರಿಸುವವರಿಗೆ ಜಾಹೀರಾತಿನ ಆದಾಯದಲ್ಲಿ ಪಾಲು ಕೊಡುವ ಏರ್ಪಾಡು ಬಂದಿತು. ಸಾಮಾನ್ಯ ವಿಡಿಯೋಗಳ ಮೇಲೆ ಬಂದ ಜಾಹೀರಾತಿನ ಹಣ ನೂರು ರೂಪಾಯಿಯಾದರೆ ತಯಾರಿಸಿದವರಿಗೆ ೫೫, ಕಂಪನಿಗೆ ೪೫. ಆದರೆ ಬಂದವರಿಗೆಲ್ಲ ಈ ಪಾಲು ಸಿಗುವುದಿಲ್ಲ. ೨೦೧೮ರಲ್ಲಿ ಬಂದ ನಿಯಮದಂತೆ ಸಾವಿರ ಜನ ಚಂದಾದಾರರಾಗಿರಬೇಕು; ಹಿಂದಿನ ಹನ್ನೆರಡು ತಿಂಗಳುಗಳಲ್ಲಿ ಜನ ಆ ವಿಡಿಯೋಗಳನ್ನು ನಾಲ್ಕು ಸಾವಿರ ಗಂಟೆ ನೋಡಿರಬೇಕು. ಇಲ್ಲಿ ಚಂದಾದಾರರೆಂದರೆ ನಮ್ಮ ಪತ್ರಿಕೆಯ ಚಂದಾದಾರರಂತೆ ಹಣ ತೆತ್ತವರೆಂದು ವಾಚಕರು ತಿಳಿಯಬಾರದು. ಒಂದು ಗುಂಡಿಯೊತ್ತಿದವರೆಲ್ಲ ಅಲ್ಲಿ ಚಂದಾದಾರರೇ.

ಯಾವ ವಿಡಿಯೋವನ್ನು ಯಾರ ಮುಂದೆ ಇಡಬೇಕೆಂಬುದನ್ನು ತೀರ್ಮಾನಿಸುವುದು ಯಂತ್ರ. ೨೦೧೨ಕ್ಕೆ ಮುಂಚೆ ಎಷ್ಟು ಜನ ತೆರೆದರೆಂಬುದೇ ಅದಕ್ಕೆ ಮುಖ್ಯವಾಗಿತ್ತು. ಆ ವರ್ಷದಿಂದ ಎಷ್ಟು ಹೊತ್ತು ನೋಡಿದರೆಂಬುದಕ್ಕೆ ಪ್ರಾಧಾನ್ಯ ಬಂದಿತು. ಇದು ಒಳ್ಳೆಯ ಬದಲಾವಣೆಯೆಂದೇ ಮೇಲುನೋಟಕ್ಕೆ ತೋರುತ್ತದೆ. ಆದರೆ ನೋಡಿದವನು ಏನು ಕಲಿತನೆಂಬುದನ್ನು ಅಳೆಯುವ ಸೇರು ಆ ಯಂತ್ರದ ಬಳಿ ಇಲ್ಲ. ಸಿಡ್ನಿಯ ಮೊದಲ ಬಗೆಯ ವಿಡಿಯೋ, ಅಂದರೆ ಎಲ್ಲರೂ ಮೆಚ್ಚಿ ಯಾರೂ ಕಲಿಯದ ವಿಡಿಯೋ, ಅದರ ತಕ್ಕಡಿಯಲ್ಲಿ ಹೆಚ್ಚು ತೂಗುವ ಸಂಭವವುಂಟು. ಪಾಠ ಹೇಳುವವನ ಅನ್ನ ಈ ತಕ್ಕಡಿಗೆ ಸಿಕ್ಕಿದೆ. ಆ ತರುಣಿಯ ಭಯವೂ ಇದೇ ಆಗಿತ್ತು. ಸಂಬಳ ಹೋಗುತ್ತದೆಂಬ ತಂದೆಯ ಭಯಕ್ಕಿಂತ ಇದು ದೊಡ್ಡದೆಂದು ನನಗೆ ತೋರಿತು.

ಅದೂ ಅಲ್ಲದೆ ಈ ಹಣಕ್ಕೆ ನಿಲುಗಡೆಯಿಲ್ಲ. ಜಾಹೀರಾತುದಾರರು ನೋಡುಗರ ಗಮನವನ್ನು ಹರಾಜಿನಲ್ಲಿ ಕೊಳ್ಳುತ್ತಾರೆ. ಶ್ರೀಮಂತ ದೇಶದ ನೋಡುಗನ ಬೆಲೆ ಹೆಚ್ಚು, ನಮ್ಮ ಹಳ್ಳಿಯ ನೋಡುಗನ ಬೆಲೆ ಕಡಿಮೆ. ೨೦೧೭ರಲ್ಲಿ ದೊಡ್ಡ ಕಂಪನಿಗಳು ತಮ್ಮ ಜಾಹೀರಾತು ಕೆಟ್ಟ ವಿಡಿಯೋಗಳ ಪಕ್ಕದಲ್ಲಿ ಕಾಣಿಸಿಕೊಂಡಿತೆಂದು ಕೋಪಗೊಂಡು ಹಿಂದೆಗೆದಾಗ, ಯಾವ ತಪ್ಪೂ ಮಾಡದ ಅನೇಕರ ಆದಾಯ ಕುಸಿಯಿತು. ಮಳೆಯನ್ನು ನಂಬಿದ ಒಕ್ಕಲುತನದಂತೆ ಇದು. ಆದರೆ ಮಳೆಗೆ ನಕ್ಷತ್ರಗಳ ಲೆಕ್ಕವಾದರೂ ಉಂಟು.

ಆದುದರಿಂದ ಅನೇಕರು ಪ್ರಾಯೋಜಕರ ಮೊರೆಹೋಗುತ್ತಾರೆ. ಇದರ ಕಷ್ಟವನ್ನು ಮುಲ್ಲರ್ ಅವರ ಉದಾಹರಣೆಯಿಂದಲೇ ತಿಳಿಯಬಹುದು. ೨೦೨೧ರಲ್ಲಿ ಅವರು ಚಾಲಕನಿಲ್ಲದೆ ಓಡುವ ಕಾರುಗಳನ್ನು ಕುರಿತು ಒಂದು ವಿಡಿಯೋ ಮಾಡಿ, ಅಂಥ ಕಾರುಗಳು ರಸ್ತೆಗೆ ಬರುವುದು ಒಳ್ಳೆಯದೆಂದು ವಾದಿಸಿದರು. ಅದರ ಖರ್ಚನ್ನು ಕೊಟ್ಟದ್ದು ಅಂಥ ಕಾರುಗಳನ್ನು ತಯಾರಿಸುವ ವೇಮೋ ಎಂಬ ಕಂಪನಿ. ಈ ಸಂಗತಿಯನ್ನು ಅವರು ಬಚ್ಚಿಡದೆ ವಿಡಿಯೋದಲ್ಲಿಯೇ ಹೇಳಿದ್ದರು. ಆದರೂ ಮರುವರ್ಷ ಇನ್ನೊಬ್ಬ ವಿಡಿಯೋಕಾರರು ಅದನ್ನು ಎಳೆಎಳೆಯಾಗಿ ಬಿಡಿಸಿ, ಕಂಪನಿಯ ಮಾತೇ ಪಾಠದ ವೇಷದಲ್ಲಿ ಬಂದಿದೆಯೆಂದು ಆಕ್ಷೇಪಿಸಿದರು. ವೇಮೋ ಕಂಪನಿಗೂ ಯೂಟ್ಯೂಬಿಗೂ ಒಡೆತನದ ಮೂಲ ಒಂದೇ ಎಂಬುದನ್ನು ಓದಿದಾಗ ನನಗೆ ನಗುವೂ ಬಂದಿತು. ಕಲಿಕೆಯ ಮರ್ಮವನ್ನು ಅಷ್ಟು ಆಳವಾಗಿ ಅರಿತ ಮನುಷ್ಯನೇ ಇಂಥ ಆಕ್ಷೇಪಕ್ಕೆ ಗುರಿಯಾಗಬೇಕಾದರೆ ಉಳಿದವರ ಪಾಡೇನು? ಅವರನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಕೊಡುವ ಕೈ ಯಾವುದೆಂಬುದು ಹೇಳುವ ಬಾಯಿಗೆ ತಿಳಿಯದೆ ಇರುವುದಿಲ್ಲವೆಂಬುದಷ್ಟೇ ನನ್ನ ಮಾತು. ಮಠಮಾನ್ಯಗಳ ಅನ್ನವುಂಡು ಪ್ರವಚನ ಹೇಳುವ ನಮಗೂ ಈ ಮಾತು ಸಲ್ಲುತ್ತದೆ.

ಬೇರೆ ದಾರಿಗಳೂ ಇವೆ. ಅಮೆರಿಕದ ಸಲ್ಮಾನ್ ಖಾನ್ ಅವರು ೨೦೦೪ರಲ್ಲಿ ದೂರದ ಊರಿನಲ್ಲಿದ್ದ ತಮ್ಮ ಸೋದರ ಸಂಬಂಧಿಯಾದ ಹುಡುಗಿಗೆ ಫೋನಿನಲ್ಲಿ ಗಣಿತ ಹೇಳಿಕೊಡಲಾರಂಭಿಸಿ, ೨೦೦೬ರಲ್ಲಿ ಆ ಪಾಠಗಳನ್ನು ಯೂಟ್ಯೂಬಿಗೆ ಏರಿಸಿದರು. ೨೦೦೯ರಲ್ಲಿ ಹಣಕಾಸು ಸಂಸ್ಥೆಯ ಕೆಲಸ ಬಿಟ್ಟು, ಕೂಡಿಟ್ಟ ಹಣದಿಂದ ಮನೆ ನಡೆಸಿದರು. ೨೦೧೦ರಲ್ಲಿ ಗೂಗಲ್ ಸಂಸ್ಥೆಯೂ ಗೇಟ್ಸ್ ಪ್ರತಿಷ್ಠಾನವೂ ದೊಡ್ಡ ದೇಣಿಗೆಗಳನ್ನಿತ್ತ ಮೇಲೆ ಖಾನ್ ಅಕಾಡೆಮಿ ಉಸಿರಾಡಿತು. ಅದರ ಪಾಠಗಳು ಇಂದು ಕನ್ನಡದಲ್ಲಿಯೂ ಉಚಿತವಾಗಿ ದೊರೆಯುತ್ತವೆ, ಎಸ್.ಎಸ್.ಎಲ್.ಸಿ. ಮಕ್ಕಳಿರುವ ಮನೆಯವರು ನೋಡಬೇಕು. ಆದರೆ ಇಂಥ ದಾನಿಗಳು ಎಲ್ಲರ ಬಾಗಿಲಿಗೂ ಬರುವುದಿಲ್ಲ.

ನಮ್ಮ ದೇಶದ ಅರವಿಂದ ಗುಪ್ತ ಅವರದು ಇನ್ನೊಂದು ಬಗೆ. ಕಾನ್ಪುರದ ಐ.ಐ.ಟಿ.ಯಲ್ಲಿ ಓದಿದ ಇವರು ೧೯೭೮ರಲ್ಲಿ ಪುಣೆಯ ಕಾರ್ಖಾನೆಯ ಕೆಲಸದಿಂದ ರಜೆ ಪಡೆದು ಮಧ್ಯಪ್ರದೇಶದ ಹೋಶಂಗಾಬಾದಿನ ಹಳ್ಳಿ ಶಾಲೆಗಳ ವಿಜ್ಞಾನ ಕಾರ್ಯಕ್ರಮಕ್ಕೆ ಹೋದರು. ಬೆಂಕಿಕಡ್ಡಿ, ಸೈಕಲ್ಲಿನ ರಬ್ಬರ್ ನಳಿಗೆ, ಹಳೆಯ ಬಾಟಲಿ ಇವುಗಳಿಂದ ವಿಜ್ಞಾನದ ಆಟಿಕೆ ಮಾಡುವುದನ್ನು ಮಕ್ಕಳಿಗೆ ಕಲಿಸಿದರು. ಮುಂದೆ ಪುಣೆಯ ಖಗೋಳ ವಿಜ್ಞಾನ ಸಂಸ್ಥೆಯ ಮಕ್ಕಳ ಕೇಂದ್ರದಲ್ಲಿದ್ದುಕೊಂಡು ಅನೇಕ ಭಾರತೀಯ ಭಾಷೆಗಳಲ್ಲಿ ಪುಟ್ಟ ಪುಟ್ಟ ವಿಡಿಯೋಗಳನ್ನು ತಮ್ಮ ಸಂಗಡಿಗರೊಡನೆ ತಯಾರಿಸಿ ಜಗತ್ತಿಗೆ ಉಚಿತವಾಗಿ ಕೊಟ್ಟರು. ೨೦೧೮ರಲ್ಲಿ ಪದ್ಮಶ್ರೀ ಬಂದಿತು. ಇಲ್ಲಿ ಅನ್ನವನ್ನು ಕೊಟ್ಟದ್ದು ಸಂಸ್ಥೆ. ಆದುದರಿಂದ ಎಷ್ಟು ಜನ ನೋಡಿದರೆಂಬ ಲೆಕ್ಕಕ್ಕೆ ಅವರು ತಲೆಬಾಗಬೇಕಾಗಲಿಲ್ಲ. ಪ್ರಯಾಗದ ಅಲಖ್ ಪಾಂಡೆ ಅವರದು ಇದಕ್ಕೆ ತೀರ ಬೇರೆಯಾದ ಕಥೆ. ೨೦೧೬ರಿಂದ ಹಿಂದಿಯಲ್ಲಿ ಭೌತಶಾಸ್ತ್ರದ ಪಾಠಗಳನ್ನು ಉಚಿತವಾಗಿ ಹೇಳುತ್ತ ಜನರ ವಿಶ್ವಾಸ ಗಳಿಸಿ, ೨೦೨೦ರಲ್ಲಿ ಕಡಿಮೆ ಶುಲ್ಕದ ತರಗತಿಗಳನ್ನು ಮೊಬೈಲಿನ ಮೂಲಕ ತೆರೆದರು. ೨೦೨೫ರ ನವೆಂಬರಿನಲ್ಲಿ ಅವರ ಕಂಪನಿಯ ಷೇರುಗಳು ಮಾರುಕಟ್ಟೆಗೆ ಬಂದವು. ಆದರೆ ಆ ಹಣ ಬರುವುದು ಪ್ರವೇಶ ಪರೀಕ್ಷೆಗಳ ದಾರಿಯಲ್ಲಿ. ಚೆಂಡಿನ ಮೇಲೆ ಯಾವ ಬಲವಿದೆಯೆಂಬುದು ಅಲ್ಲಿ ನಾಲ್ಕು ಉತ್ತರಗಳಲ್ಲೊಂದನ್ನು ಆರಿಸುವ ಪ್ರಶ್ನೆಯಾಗಿಬಿಡುವ ಅಪಾಯವುಂಟು.

ನನ್ನ ಮನಸ್ಸಿಗೆ ಹೆಚ್ಚು ಒಪ್ಪಿದ್ದು ಗ್ರ್ಯಾಂಟ್ ಸ್ಯಾಂಡರ್ಸನ್ ಎಂಬ ಅಮೆರಿಕದ ತರುಣನ ದಾರಿ. ಈತ ೨೦೧೫ರಲ್ಲಿ ಆರಂಭಿಸಿದ ತ್ರೀಬ್ಲೂವನ್‌ಬ್ರೌನ್ ಎಂಬ ಚಾನೆಲ್ಲಿನಲ್ಲಿ ಗಣಿತದ ಗಹನ ವಿಷಯಗಳು ಚಲಿಸುವ ಚಿತ್ರಗಳಾಗಿ ಅರಳುತ್ತವೆ. ಆ ಚಿತ್ರಗಳನ್ನು ಬರೆಯುವ ಗಣಕಸಾಧನವನ್ನೂ ಆತನೇ ರಚಿಸಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾನೆ. ತನ್ನ ಪಾಠದ ನಡುವೆ ಪ್ರಾಯೋಜಕರ ಮಾತನ್ನು ಸೇರಿಸದೆ, ನೋಡುಗರೇ ಸ್ವಇಚ್ಛೆಯಿಂದ ಕೊಡುವ ಹಣದಿಂದ ಕೆಲಸ ನಡೆಸುತ್ತಾನೆ. ಹಣ ಕೊಟ್ಟವರಿಗೂ ಕೊಡದವರಿಗೂ ಪಾಠ ಒಂದೇ. ಹೀಗೆ ತಿಂಗಳು ತಿಂಗಳು ಕಿರುಕಾಣಿಕೆ ಸಲ್ಲಿಸುವುದಕ್ಕೆ ಪೇಟ್ರಿಯಾನ್ ಎಂಬ ಏರ್ಪಾಡನ್ನು ೨೦೧೩ರಲ್ಲಿ ಕಟ್ಟಿದವರಲ್ಲೊಬ್ಬ ಜ್ಯಾಕ್ ಕಾಂಟೆ ಎಂಬ ಸಂಗೀತಗಾರ. ಅಧಿಕ ಖರ್ಚು ಮಾಡಿ ತಯಾರಿಸಿದ ಹಾಡಿನ ವಿಡಿಯೋಗೆ ಜಾಹೀರಾತಿನಿಂದ ಅತ್ಯಲ್ಪ ಹಣ ಬಂದ ನೋವಿನಿಂದ ಹುಟ್ಟಿದ್ದದು. ಕೆಲವರು ಕೊಟ್ಟದ್ದರಿಂದ ಎಲ್ಲರೂ ಉಣ್ಣುವ ಈ ಕ್ರಮವನ್ನು ದಾಸೋಹದ ಮನೆಗಳಲ್ಲಿ ಬೆಳೆದ ನಮ್ಮವರಿಗೆ ವಿವರಿಸಬೇಕಾಗಿಲ್ಲ.

ಆದರೆ ಇಂಗ್ಲಿಷಿನಲ್ಲಿ ಹೇಳುವವನಿಗೆ ಜಗತ್ತೇ ಸಭೆ. ಕನ್ನಡವನ್ನು ಮಾತೃಭಾಷೆಯೆಂದು ಹೇಳಿಕೊಂಡವರು ೨೦೧೧ರ ಜನಗಣತಿಯಲ್ಲಿ ಸುಮಾರು ೪ ಕೋಟಿ ೩೭ ಲಕ್ಷ. ಅವರಲ್ಲಿ ಭೌತಶಾಸ್ತ್ರದ ವಾದವಿವಾದವನ್ನು ಕುಳಿತು ನೋಡುವವರೆಷ್ಟು? ನೋಡಿ ಕೈಯೆತ್ತಿ ಕೊಡುವವರೆಷ್ಟು? ಇಲ್ಲಿ ಹಳೆಯ ಕಥೆಯೊಂದು ನೆನಪಾಗುತ್ತದೆ. ೧೯೧೮ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದರು. ಪಾರಿಭಾಷಿಕ ಪದಗಳಿಲ್ಲದ ಕಾಲದಲ್ಲಿ ಪದಗಳನ್ನು ಕಟ್ಟುತ್ತಲೇ ಲೇಖನಗಳನ್ನು ಬರೆಸಿದರು. ಪತ್ರಿಕೆ ಬದುಕಿದ್ದು ಎರಡೇ ವರ್ಷ. ಬರೆಯುವವರ ವಿದ್ಯೆಗೆ ಕೊರತೆಯಿರಲಿಲ್ಲ. ಇಂದು ಅದನ್ನು ಕನ್ನಡದ ವಿಜ್ಞಾನ ಸಾಹಿತ್ಯದ ಇತಿಹಾಸದಲ್ಲಿ ಎಲ್ಲರೂ ಗೌರವದಿಂದ ಸ್ಮರಿಸುತ್ತಾರೆ. ಆ ಕಾಲದಲ್ಲಿ ಇನ್ನಷ್ಟು ಮನೆಗಳು ಚಂದಾ ಕಳುಹಿಸಿದ್ದರೆ ಸ್ಮರಣೆಗಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತಿತ್ತು.

ಕಾಗದ, ಮುದ್ರಣ, ಅಂಚೆ ಇವುಗಳ ಖರ್ಚು ಈಗ ಉಳಿದಿದೆ ನಿಜ. ಒಂದು ಮೊಬೈಲು, ಒಂದು ಕರಿಹಲಗೆ, ಕಿಟಕಿಯ ಬೆಳಕು ಇಷ್ಟಿದ್ದರೆ ಪಾಠ ಸಿದ್ಧವಾಗುತ್ತದೆ. ಆದರೆ ಹತ್ತು ನಿಮಿಷದ ಒಂದು ಪಾಠಕ್ಕೆ ಆ ತರುಣಿ ವ್ಯಯಿಸುವುದು ಸುಮಾರು ಒಂದು ವಾರದ ಸಂಜೆಗಳನ್ನೆಲ್ಲ. ತಪ್ಪು ಹೇಳಬಾರದೆಂದು ಪುಸ್ತಕಗಳನ್ನು ತಿರುವಬೇಕು, ಪ್ರಯೋಗವನ್ನು ಹತ್ತು ಬಾರಿ ಮಾಡಿ ನೋಡಬೇಕು, ಮಾತನ್ನು ಕತ್ತರಿಸಿ ಜೋಡಿಸಬೇಕು. ಈ ವಾರದ ಕೂಲಿಯನ್ನು ಕೊಡುವವರಾರೆಂಬ ಪ್ರಶ್ನೆ ವೆಂಕಟನಾರಣಪ್ಪನವರ ಕಾಲದಲ್ಲಿದ್ದಂತೆಯೇ ಉಳಿದಿದೆ.

ಇಷ್ಟನ್ನೆಲ್ಲ ತಿಳಿದುಕೊಂಡು ಕಾರ್ತಿಕದಲ್ಲಿ ಮತ್ತೆ ಅದೇ ಊರಿಗೆ ಹೋದಾಗ ತಂದೆ ಮಗಳಿಬ್ಬರನ್ನೂ ಕೂರಿಸಿಕೊಂಡು ಮಾತಾಡಿದೆನು. ಶಾಲೆಯ ಕೆಲಸವನ್ನು ಬಿಡಬೇಡವೆಂದು ಮಗಳಿಗೆ ಹೇಳಿದೆನು. ಸಂಬಳವಿದ್ದರೆ ಯಂತ್ರದ ತಕ್ಕಡಿಗೆ ಹೆದರಿ ಪಾಠವನ್ನು ಸಿಹಿ ಮಾಡಬೇಕಾಗಿಲ್ಲ. ಅಲ್ಲದೆ ಎದುರಿಗೆ ಕುಳಿತ ಮಕ್ಕಳ ಬಾಯಿಂದಲೇ ಅಲ್ಲವೆ ಪೂರ್ವಪಕ್ಷಗಳು ದೊರೆಯುವುದು? ತಂದೆಗೆ ಹೇಳಿದ್ದು ಬೇರೆ. ಮನೆಯ ಕಿರಿಯ ಮಗನ ಪ್ರವೇಶ ಪರೀಕ್ಷೆಯ ತರಬೇತಿಗೆ ಅವರು ವರ್ಷಕ್ಕೆ ತೆರುತ್ತಿದ್ದ ಶುಲ್ಕವನ್ನು ನಾನು ಬಲ್ಲೆ. ಮಗಳ ಕೆಲಸಕ್ಕೆ ಒಂದು ಒಳ್ಳೆಯ ಧ್ವನಿಗ್ರಾಹಕವನ್ನು ಕೊಡಿಸಲು ಅದರ ಎಷ್ಟನೆಯ ಪಾಲು ಸಾಕೆಂದು ಕೇಳಿದೆನು. ಅವರು ಉತ್ತರ ಹೇಳಲಿಲ್ಲ. ಆದರೆ ಕೊಡಿಸಿದರೆಂದು ಆಮೇಲೆ ತಿಳಿಯಿತು.

ಈಗ ಆಕೆ ಹದಿನೈದು ದಿನಕ್ಕೊಂದು ಪಾಠವನ್ನು ಹೊರತರುತ್ತಿದ್ದಾಳೆ. ಚೆಂಡಿನ ಪಾಠದಲ್ಲಿ ತಪ್ಪು ಉತ್ತರ ಹೇಳುವ ಮುದುಕರೊಬ್ಬರು ಬರುತ್ತಾರೆ. ಅವರು ತರ್ಕಸಂಗ್ರಹದ ವೇಗಸಂಸ್ಕಾರವನ್ನು ಮುಂದಿಟ್ಟು ಬಹಳ ಹೊತ್ತು ವಾದಿಸಿ ಕೊನೆಗೆ ಸೋಲುತ್ತಾರೆ. ಆ ಮುದುಕ ನಾನೇ. ಮೊಬೈಲಿನ ಮುಂದೆ ಕುಳಿತು ಮಾತಾಡುವಾಗ ಮೂರು ಬಾರಿ ತಪ್ಪಿದೆನು, ನಾಲ್ಕನೆಯ ಬಾರಿ ಸರಿಹೋಯಿತು. ಈವರೆಗೆ ಅದನ್ನು ನೋಡಿದವರು ಕೆಲವು ನೂರು ಮಂದಿ ಮಾತ್ರ. ಯಂತ್ರದ ಪಾಲು ಸಿಗುವುದಕ್ಕೆ ಬೇಕಾದ ನಾಲ್ಕು ಸಾವಿರ ಗಂಟೆ ಬಹು ದೂರದಲ್ಲಿದೆ. ಆದರೆ ಬೇರೊಂದು ತಾಲ್ಲೂಕಿನ ಶಿಕ್ಷಕರೊಬ್ಬರು ಅದನ್ನು ತರಗತಿಯಲ್ಲಿ ತೋರಿಸಿದರಂತೆ. ಅರ್ಧ ಮಕ್ಕಳು ಮುದುಕರ ಪಕ್ಷ, ಅರ್ಧ ಮಕ್ಕಳು ಟೀಚರಮ್ಮನ ಪಕ್ಷ. ಗಂಟೆ ಬಾರಿಸಿದ ಮೇಲೂ ಜಗಳ ಮುಗಿಯಲಿಲ್ಲವಂತೆ. ಮುದುಕರ ಪಕ್ಷದ ಹುಡುಗನೊಬ್ಬ ಮರುದಿನ ಚೆಂಡನ್ನೇ ಶಾಲೆಗೆ ತಂದಿದ್ದನೆಂದು ಆ ಶಿಕ್ಷಕರು ಬರೆದು ತಿಳಿಸಿದ್ದಾರೆ.